ಬಿಟ್ಟಿ ಕರೆಂಟಿನ ಪೆಟ್ಟಿಗೆ

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ. ಕೇಳಿದವರ ಒತ್ತಾಯದ ಮೇರೆಗೆ ಅಚ್ಚಿಗೆ ಕೊಡಲಾಗಿದೆ.)



ಇಂದಿನ ಸಭೆಗೆ ಬೋನಸ್ಸಿನ ಲೆಕ್ಕದ ವಿಷಯ ಗೊತ್ತಾಗಿದ್ದಿತು. ಅದನ್ನು ಮುಂದಿನ ವಾರಕ್ಕೆ ತಳ್ಳಿ ವಿದ್ಯುಚ್ಛಕ್ತಿಯ ವಿಷಯ ಮಾತನಾಡಲು ನಾವು ಎದ್ದು ನಿಂತಿರುವ ಕಾರಣ ನಿಮ್ಮಲ್ಲಿ ಹಲವರಿಗೆ ಆಗಲೇ ತಿಳಿದಿದೆ. ಹದಿನೈದು ದಿನಗಳಿಂದ ಊರಿನ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿರುವ ಮಹಾಶಯರೊಬ್ಬರು ಒಂದು ಪೆಟ್ಟಿಗೆಯನ್ನು ತೋರಿಸುತ್ತಿರುವರು. ಪೆಟ್ಟಿಗೆಯೊಳಗೆ ಒಂದು ಮೋಟಾರು, ಒಂದು ಭಾರವಾದ ಫ್ಲೈವೀಲು, ಒಂದು ಜನರೇಟರು ಇದೆಯಂತೆ. ಮೊದಲು ಬ್ಯಾಟರಿಯಿಂದ ಮೋಟಾರನ್ನು ಓಡಿಸುವುದು. ಮೋಟಾರು ಫ್ಲೈವೀಲನ್ನು ತಿರುಗಿಸುವುದು. ಫ್ಲೈವೀಲು ಜನರೇಟರನ್ನು ತಿರುಗಿಸುವುದು. ಜನರೇಟರಿನಿಂದ ಬಂದ ಕರೆಂಟು ಮೋಟಾರಿಗೂ ಸಾಕಾಗಿ, ಅಂಗಡಿಯ ದೀಪ, ಫ್ಯಾನು, ಹಿಟ್ಟಿನ ಗಿರಣಿಗಳಿಗೂ ಮಿಕ್ಕುವುದು. ಆಮೇಲೆ ಬ್ಯಾಟರಿಯನ್ನು ಕಳಚಿ ಮೂಲೆಗಿಡಬಹುದು, ಕರೆಂಟಿನ ಬಿಲ್ಲನ್ನು ಹರಿದು ಬಿಸಾಡಬಹುದು! ಮುಂಗಡ ಐದು ಸಾವಿರ, ಉಳಿದದ್ದು ಕಂತಿನಲ್ಲಿ.

ಬಿಲ್ಲಿನ ಹೊರೆ ಹೊತ್ತು ಬೇಸತ್ತವನು ಇಂತಹ ಮಾತಿಗೆ ಕಿವಿಗೊಟ್ಟರೆ ಅವನನ್ನು ಗೇಲಿ ಮಾಡುವ ಮನಸ್ಸು ನಮಗಿಲ್ಲ. ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ತಿಂಗಳ ಕೊನೆಯಲ್ಲಿ ಏನು ಉಳಿಯುತ್ತದೆಂಬುದು ನಮಗೂ ಗೊತ್ತು. ನಮ್ಮ ಸಂಘದಲ್ಲೇ ಇಬ್ಬರು ಭವಿಷ್ಯನಿಧಿಯಿಂದ ಸಾಲ ತೆಗೆದು, ನಾಲ್ಕು ಜನ ಸೇರಿ ಒಂದು ಪೆಟ್ಟಿಗೆ ಕೊಳ್ಳುವ ಮಾತನಾಡಿದ್ದಾರೆ. "ಇದು ಆಗುವ ಕೆಲಸವೇ?" ಎಂದು ಅವರು ಕೇಳಿದರು. ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ, ಅದು ನಮ್ಮ ಮಾತಿಗೂ ಲಾಡ್ಜಿನವರ ಮಾತಿಗೂ ನಡುವಿನ ಜಗಳವಷ್ಟೇ ಆದೀತು. ಏಕೆ ಆಗುವುದಿಲ್ಲವೆಂಬುದನ್ನು ನೀವೇ ಕೈಯಿಂದ ಮುಟ್ಟಿ ತಿಳಿಯಬೇಕೆಂದು ಈ ಸಾಮಾನುಗಳನ್ನು ಮೇಜಿನ ಮೇಲೆ ಇಟ್ಟಿದ್ದೇವೆ. ಹೈಸ್ಕೂಲಿನ ಮೇಷ್ಟ್ರೊಬ್ಬರು ಕೃಪೆಯಿಟ್ಟು ಕೊಟ್ಟದ್ದು, ಸಂಜೆಯೊಳಗೆ ಹಿಂದಿರುಗಿಸಬೇಕು.

ಮೊದಲು ಕರೆಂಟು ಹುಟ್ಟುವ ಬಗೆ. ಮೈಕೇಲ್ ಫ್ಯಾರಡೆ ಎಂಬಾತನು ಇಂಗ್ಲೆಂಡಿನಲ್ಲಿ 1791ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ಅವನು ವಿಜ್ಞಾನ ಕಲಿತದ್ದು. 1812ರಲ್ಲಿ ಹಂಫ್ರಿ ಡೇವಿ ಎಂಬ ದೊಡ್ಡ ರಸಾಯನ ಶಾಸ್ತ್ರಜ್ಞರ ಭಾಷಣಗಳನ್ನು ಕೇಳಿ, ಅವನ್ನು ಬರೆದುಕೊಂಡು, ತಾನೇ ರಟ್ಟು ಕಟ್ಟಿ ಅವರಿಗೇ ಕಳುಹಿಸಿದನು. ಮರುವರ್ಷ ಅವರ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಡೇವಿ ದಂಪತಿಗಳು ಯೂರೋಪಿನ ಪ್ರವಾಸಕ್ಕೆ ಹೊರಟಾಗ ಇವನನ್ನೂ ಕರೆದುಕೊಂಡು ಹೋದರು. ಆದರೆ ಆ ಮನೆಯೊಡತಿ ಇವನನ್ನು ಆಳಿನಂತೆಯೇ ನಡೆಸಿಕೊಂಡಳು. ಇಂದು ಭೂಮಿಯ ಮೇಲೆ ಹರಿಯುವ ವಿದ್ಯುತ್ತಿನ ಬಹುಪಾಲು ಹುಟ್ಟುವುದು ಆ ಆಳು ಕಂಡುಹಿಡಿದ ರೀತಿಯಲ್ಲಿ.

1831ರ ಆಗಸ್ಟ್ 29ರಂದು ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಬದಿಗಳಲ್ಲಿ ಬೇರೆಬೇರೆಯಾಗಿ ತಂತಿ ಸುತ್ತಿದನು. ಒಂದು ಸುರುಳಿಗೆ ಬ್ಯಾಟರಿ. ಇನ್ನೊಂದರ ತಂತಿಯ ಬಳಿ ಅಯಸ್ಕಾಂತದ ಸೂಜಿ. ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಸೂಜಿ ಅಲುಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಕರೆಂಟು ಒಂದೇ ಸಮನೆ ಹರಿಯುತ್ತಿರುವಷ್ಟು ಹೊತ್ತೂ ಸೂಜಿಗೆ ಚಲನೆಯಿಲ್ಲ. ಬ್ಯಾಟರಿ ಕಳಚಿದ ಕ್ಷಣದಲ್ಲಿ ಮತ್ತೆ ಅಲುಗಿತು, ಈ ಸಲ ಎದುರು ದಿಕ್ಕಿಗೆ. ಅಂದರೆ ಅಯಸ್ಕಾಂತದ ಪ್ರಭಾವ ಸುಮ್ಮನೆ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಅಕ್ಟೋಬರ್ 17ರಂದು ಬ್ಯಾಟರಿಯನ್ನೇ ಬಿಟ್ಟು, ತಂತಿಸುರುಳಿಯೊಳಕ್ಕೆ ಅಯಸ್ಕಾಂತದ ಸರಳನ್ನು ತೂರಿಸಿ ಹೊರಗೆಳೆದು ಕರೆಂಟು ಹುಟ್ಟಿಸಿದನು. ಈಗ ನಾವು ಮೇಜಿನ ಮೇಲೆ ಮಾಡಿ ತೋರಿಸಿದ್ದು ಅದನ್ನೇ. ಸರಳು ಒಳಹೋದಾಗ ಮುಳ್ಳು ಬಲಕ್ಕೆ, ಹೊರಬಂದಾಗ ಎಡಕ್ಕೆ, ಒಳಗೇ ನಿಂತಾಗ ನಡುವೆ.

ಈ ಬಲ-ಎಡದಲ್ಲಿಯೇ ನಮ್ಮ ಇಂದಿನ ವಿಷಯವೆಲ್ಲ ಅಡಗಿದೆ.

ಕರೆಂಟು ಯಾವ ದಿಕ್ಕಿಗೆ ಹರಿಯುವುದೆಂಬುದಕ್ಕೆ ಸುಲಭವಾದ ಸೂತ್ರವನ್ನು ಕೊಟ್ಟವನು ಹೈನ್‌ರಿಕ್ ಲೆನ್ಸ್. ಈಗ ಎಸ್ಟೋನಿಯಾ ದೇಶದಲ್ಲಿರುವ ತಾರ್ತು ಎಂಬ ಊರಿನಲ್ಲಿ 1804ರಲ್ಲಿ ಹುಟ್ಟಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದನು. 1834ರಲ್ಲಿ ಅಚ್ಚಾದ ಅವನ ನಿಯಮವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಯಾವ ಬದಲಾವಣೆಯಿಂದ ಕರೆಂಟು ಹುಟ್ಟಿತೋ, ಆ ಬದಲಾವಣೆಗೇ ಅಡ್ಡಬರುವ ದಿಕ್ಕಿನಲ್ಲಿ ಆ ಕರೆಂಟು ಹರಿಯುವುದು.

ಇದನ್ನು ಬಿಡಿಸಿ ನೋಡೋಣ. ಕರೆಂಟು ಹರಿಯುವ ಸುರುಳಿ ತಾನೇ ಒಂದು ಅಯಸ್ಕಾಂತವಾಗುವುದು ನಿಮಗೆ ಗೊತ್ತು. ಬಾಗಿಲ ಗಂಟೆ ಬಾರಿಸುವುದು ಅದರಿಂದಲೇ. ನಾವು ಸರಳಿನ ಉತ್ತರ ತುದಿಯನ್ನು ಸುರುಳಿಯ ಹತ್ತಿರ ತರುತ್ತೇವೆ. ಆಗ ಹುಟ್ಟುವ ಕರೆಂಟು ಸುರುಳಿಯ ಇತ್ತಣ ಮುಖವನ್ನೂ ಉತ್ತರವಾಗಿಸುತ್ತದೆ. ಉತ್ತರಕ್ಕೂ ಉತ್ತರಕ್ಕೂ ಆಗದು. ಸುರುಳಿ ನಮ್ಮ ಕೈಯನ್ನು ಹಿಂದಕ್ಕೆ ನೂಕುತ್ತದೆ. ಸರಿ, ಬೇಡವೆಂದರೆ ಹೋಗುತ್ತೇವೆಂದು ಸರಳನ್ನು ಹಿಂದಕ್ಕೆಳೆದರೆ? ಆಗ ಕರೆಂಟು ತಿರುಗಿ ಅದೇ ಮುಖ ದಕ್ಷಿಣವಾಗುತ್ತದೆ, ನಮ್ಮ ಉತ್ತರವನ್ನು ಹಿಡಿದೆಳೆಯುತ್ತದೆ. ಬರುವಾಗ ಬಾಗಿಲಿಗೆ ಅಡ್ಡ ನಿಂತು, ಹೊರಟಾಗ ಸೆರಗು ಹಿಡಿದು ಜಗ್ಗುವ ನೆಂಟರಿದ್ದ ಹಾಗೆ. ಎರಡು ಸಲವೂ ನಮ್ಮ ತೋಳಿಗೇ ಕೆಲಸ. ಆ ತೋಳಿನ ಕೆಲಸವೇ ಕರೆಂಟಾಗಿ ತಂತಿಯಲ್ಲಿ ಹರಿಯುವುದು.

ಹೀಗಲ್ಲದೆ ದಿಕ್ಕು ತಿರುಗುಮುರುಗಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿರಿ. ಸರಳನ್ನು ಬೆರಳ ತುದಿಯಿಂದ ಒಮ್ಮೆ ತಳ್ಳಿದರೆ ಸಾಕು; ಸುರುಳಿ ಅದನ್ನು ಒಳಕ್ಕೆಳೆದುಕೊಳ್ಳುವುದು; ಎಳೆದಂತೆ ಅದರ ವೇಗ ಹೆಚ್ಚುವುದು; ವೇಗ ಹೆಚ್ಚಿದಂತೆ ಕರೆಂಟು ಹೆಚ್ಚುವುದು; ಕರೆಂಟು ಹೆಚ್ಚಿದಂತೆ ಎಳೆತ ಇನ್ನೂ ಹೆಚ್ಚುವುದು. ಒಂದು ಬೆರಳಿನ ತಳ್ಳಿಗೆ ಊರಿಗೆಲ್ಲ ದೀಪ! ಲಾಡ್ಜಿನ ಪೆಟ್ಟಿಗೆ ನಡೆಯಬೇಕಾದರೆ ಪ್ರಕೃತಿ ಹೀಗಿರಬೇಕಾಗಿತ್ತು. ಹೀಗಿಲ್ಲವೆಂಬುದನ್ನು ಮುಳ್ಳು ಈಗತಾನೆ ನಿಮ್ಮ ಕಣ್ಣೆದುರಿಗೆ ತೋರಿಸಿತು.

ಇನ್ನು ಈ ಅಲ್ಯುಮಿನಿಯಂ ಕೊಳವೆ. ಉದ್ದ ಒಂದು ಮೀಟರು. ಅಲ್ಯುಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ. ಮುಂದಿನ ಸಾಲಿನವರು ಅಂಟಿಸಲು ನೋಡಿ ಸೋತರು. ಕೊಳವೆಯಲ್ಲಿ ಮೊದಲು ಒಂದು ಕಬ್ಬಿಣದ ತುಂಡನ್ನು ಬಿಟ್ಟೆವು. ಬಾಯಿ ಮುಚ್ಚುವುದರೊಳಗೆ ಕೆಳಗೆ ಬಿದ್ದಿತು. ಅಷ್ಟೇ ಗಾತ್ರದ ಬಲವಾದ ಅಯಸ್ಕಾಂತವನ್ನು ಬಿಟ್ಟೆವು. ನೀವು ಐದಾರು ಎಣಿಸಿದ ಮೇಲೆ, ಎಣ್ಣೆಯಲ್ಲಿ ಮುಳುಗಿದಂತೆ ಮೆಲ್ಲಗೆ ಇಳಿದು ಬಂದಿತು. ಒಬ್ಬರು "ಒಳಗೆ ದಾರ ಕಟ್ಟಿದ್ದೀರಾ?" ಎಂದು ಕೇಳಿ ಕೊಳವೆಯನ್ನು ಕಿಟಕಿಗೆ ಹಿಡಿದು ನೋಡಿದರು. ಅದು ಸರಿಯಾದ ಗುಣ. ಲಾಡ್ಜಿನಲ್ಲಿಯೂ ಹಾಗೆಯೇ ನೋಡಬೇಕಾಗಿತ್ತು.

ಕೊಳವೆಯೆಂದರೆ ಒಂದರ ಮೇಲೊಂದು ಪೇರಿಸಿದ ಬಳೆಗಳೆಂದು ತಿಳಿಯಿರಿ. ಬೀಳುತ್ತಿರುವ ಅಯಸ್ಕಾಂತದ ಕೆಳಗಿನ ಬಳೆಗಳಿಗೆ ಅದು ಹತ್ತಿರ ಬರುತ್ತಿದೆ. ಅವು ಮೇಲಕ್ಕೆ ನೂಕುವುವು. ಮೇಲಿನ ಬಳೆಗಳಿಂದ ಅದು ದೂರ ಹೋಗುತ್ತಿದೆ. ಅವು ಮೇಲಕ್ಕೆ ಎಳೆಯುವುವು. ಹಾಗೆಂದು ಅದು ಕೊಳವೆಯಲ್ಲಿ ಪೂರ್ತಿ ನಿಂತುಬಿಡುವುದೂ ಇಲ್ಲ. ನಿಂತರೆ ಬದಲಾವಣೆಯಿಲ್ಲ, ಬದಲಾವಣೆಯಿಲ್ಲದಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ತಡೆಯೂ ಇಲ್ಲ. ಅಯಸ್ಕಾಂತ ಕಳೆದುಕೊಂಡ ವೇಗ ಎಲ್ಲಿ ಹೋಯಿತು? ಕೊಳವೆಯ ಮೈಗೆ ಬಿಸಿಯಾಗಿ ಸೇರಿತು. ಕೈಗೆ ಗೊತ್ತಾಗದಷ್ಟು ಕಡಮೆ, ಆದರೆ ಲೆಕ್ಕಕ್ಕೆ ಸಿಗದೆ ಹೋದದ್ದು ಒಂದು ಕಾಸೂ ಇಲ್ಲ.

ಮೂರನೆಯದು ಕೈಯಿಂದ ತಿರುಗಿಸುವ ಈ ಚಿಕ್ಕ ಡೈನಮೊ. ಒಬ್ಬ ಹುಡುಗನ ಕಣ್ಣಿಗೆ ಟವೆಲು ಕಟ್ಟಿ ಹಿಡಿಯನ್ನು ಅವನ ಕೈಗೆ ಕೊಟ್ಟೆವು. ಬಲ್ಬಿನ ತಂತಿಯನ್ನು ಅವನಿಗೆ ಹೇಳದೆ ಜೋಡಿಸಿದೆವು, ಕಳಚಿದೆವು. ದೀಪ ಹೊತ್ತಿದಾಗಲೆಲ್ಲ "ಈಗ ಭಾರ", ಆರಿದಾಗಲೆಲ್ಲ "ಈಗ ಹಗುರ" ಎಂದು ತಪ್ಪದೆ ಹೇಳಿದನು. ದೀಪ ಅವನ ಕಣ್ಣಿಗೆ ಕಾಣಲಿಲ್ಲ, ರಟ್ಟೆಗೆ ಕಂಡಿತು. ಹಿಂದೆ ಸೈಕಲ್ಲಿಗೆ ಡೈನಮೊ ಕಟ್ಟಿಕೊಂಡು ರಾತ್ರಿ ಪಾಳಿಗೆ ಹೋಗುತ್ತಿದ್ದ ಹಿರಿಯರು ಈಗ ತಲೆದೂಗುತ್ತಿರುವರು. ಡೈನಮೊವನ್ನು ಟೈರಿಗೆ ಒತ್ತಿದೊಡನೆ ತುಳಿತ ಭಾರವಾಗುತ್ತಿತ್ತು. ಅದರಲ್ಲಿ ಸ್ವಲ್ಪ ಪಾಲು ಟೈರಿನ ಉಜ್ಜು, ಉಳಿದದ್ದು ದೀಪ.

ಈ ಹುಡುಗನ ರಟ್ಟೆಗೆ ಆದದ್ದೇ ದೊಡ್ಡ ವಿದ್ಯುದಾಗಾರಗಳಲ್ಲಿಯೂ ಆಗುವುದು. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಅಲ್ಲಿ ಗಣಿಯ ಯಂತ್ರಗಳಿಗೆ ಕೆಲಸ ಹೆಚ್ಚಿದರೆ, ಇಲ್ಲಿ ಕಾವೇರಿಯ ದಂಡೆಯಲ್ಲಿ ಜನರೇಟರಿನ ಶಾಫ್ಟು ಭಾರವಾಗಬೇಕು. ನೂರಾರು ಮೈಲಿ ದೂರದಲ್ಲಿ ನೀವು ಒಂದು ಗುಂಡಿ ಒತ್ತಿದ್ದು ತಿರುಗುವ ಚಕ್ರಕ್ಕೆ ತಿಳಿಯುವುದು ಲೆನ್ಸನ ನಿಯಮದಿಂದಲೇ. ಚಕ್ರದ ವೇಗ ತಗ್ಗದಂತೆ ಇನ್ನಷ್ಟು ನೀರು ಬಿಡಬೇಕು. ಉಷ್ಣ ಸ್ಥಾವರವಾದರೆ ಇನ್ನಷ್ಟು ಕಲ್ಲಿದ್ದಲು ಉರಿಯಬೇಕು.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆವು. ನೀರು ತಾನಾಗಿ ಬೀಳುತ್ತದೆ, ಅದಕ್ಕೇನು ಖರ್ಚೆಂದು ಕೇಳುವವರಿರುವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಎಷ್ಟೋ ಹಳ್ಳಿಗಳು ಮುಳುಗಿ ಸಾವಿರಾರು ಸಂಸಾರಗಳು ಎದ್ದು ಹೋದುವು. ಹೋದ ಕಡೆಯ ಜಮೀನಿನ ಹಕ್ಕಿಗಾಗಿ ಅವರಲ್ಲಿ ಅನೇಕರು ದಶಕಗಟ್ಟಲೆ ಕಚೇರಿಗಳ ಬಾಗಿಲು ಕಾಯಬೇಕಾಯಿತು. ಶರಾವತಿಯ ಚಕ್ರಗಳನ್ನು ನೂಕುವ ನೀರಿನ ಬೆಲೆಯಲ್ಲಿ ಅವರ ಪಾಲೂ ಇದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಯೂನಿಟ್ ಎಂದರೆ ಎಷ್ಟು ಕೆಲಸ? ಹಮಾಲಿ ಅಣ್ಣಂದಿರಿಗೆ ತಿಳಿಯುವಂತೆ ಹೇಳುತ್ತೇವೆ. ಐವತ್ತು ಕಿಲೊ ಮೂಟೆಯನ್ನು ನೆಲದಿಂದ ಒಂದು ಮೀಟರು ಎತ್ತರಕ್ಕೆ ಸುಮಾರು 7300 ಸಲ ಎತ್ತಿದರೆ ಒಂದು ಯೂನಿಟ್ಟಿನಷ್ಟು ಕೆಲಸವಾಗುವುದು. ಲಾಡ್ಜಿನವರು ದಿನಕ್ಕೆ ಇಂತಹ ಇಪ್ಪತ್ತು ಯೂನಿಟ್ಟು ಬಿಟ್ಟಿಯಾಗಿ ಬರುವುದೆನ್ನುತ್ತಾರೆ. ಆ ಪೆಟ್ಟಿಗೆಯೊಳಗೆ ಕುಳಿತು ಒಂದು ಲಕ್ಷದ ನಲವತ್ತಾರು ಸಾವಿರ ಸಲ ಮೂಟೆ ಎತ್ತುವ ಹಮಾಲಿ ಯಾರು? ಅವನಿಗೆ ಕೂಲಿ ಎಲ್ಲಿಂದ?

ಫ್ಲೈವೀಲಿನಿಂದ ಎನ್ನುತ್ತಾರೆ. ಫ್ಲೈವೀಲು ಹುಂಡಿಯಿದ್ದ ಹಾಗೆ. ಹಾಕಿದಷ್ಟನ್ನು ಇಟ್ಟುಕೊಂಡಿದ್ದು ಕೊಡುವುದು, ಬಡ್ಡಿ ಹುಟ್ಟಿಸದು. ಬೇರಿಂಗಿನ ಉಜ್ಜು, ಗಾಳಿಯ ತಡೆ ಎಂದು ಸ್ವಲ್ಪ ಮುರಿದುಕೊಂಡೇ ಕೊಡುವುದು. ಸಣ್ಣ ಮೋಟಾರು ನೂರು ಪಾಲು ಕರೆಂಟು ತಿಂದು ಎಂಬತ್ತು ಪಾಲು ತಿರುಗುವ ಕೆಲಸ ಕೊಟ್ಟಿತೆಂದು ಇಟ್ಟುಕೊಳ್ಳಿ. ಮಿಕ್ಕದ್ದು ಬಿಸಿಯಾಗಿ ಹೋಗುವುದು. ಆ ಎಂಬತ್ತನ್ನು ತೆಗೆದುಕೊಂಡ ಜನರೇಟರೂ ಅದೇ ರೀತಿ ಐದರಲ್ಲಿ ಒಂದನ್ನು ಕಳೆದರೆ ಕೈಗೆ ಬರುವುದು ಅರವತ್ತನಾಲ್ಕು. ಮೋಟಾರಿಗೇ ನೂರು ಬೇಕು. ದೀಪಕ್ಕೆ ಎಲ್ಲಿಂದ ತರುವುದು? ಕರೆಂಟು ಹುಟ್ಟುವಾಗ ಜನರೇಟರು ಅಡ್ಡ ಬಾರದಿದ್ದರೆ ಮಾತ್ರ ಲೆಕ್ಕ ತಪ್ಪಿಸಬಹುದು. ಅಡ್ಡ ಬಾರದ ಜನರೇಟರನ್ನು ಯಾರೂ ಕಟ್ಟಿಲ್ಲ.

ಇದೇ ದಾರಿಯಲ್ಲಿ ಹೊರಟು ಪ್ರಾಮಾಣಿಕವಾಗಿ ಹಿಂದಿರುಗಿದ ಒಬ್ಬನ ಕಥೆಯಿದೆ. ಇಂಗ್ಲೆಂಡಿನ ಜೇಮ್ಸ್ ಜೂಲ್, ಬಿಯರು ತಯಾರಿಸುವ ವ್ಯಾಪಾರಿಯ ಮಗ. ಉಗಿಯಂತ್ರಕ್ಕೆ ಬದಲಾಗಿ ವಿದ್ಯುತ್ ಮೋಟಾರು ಹಾಕಿದರೆ ಕೆಲಸ ಅಗ್ಗವಾದೀತೆಂದು ಯುವಕನಾಗಿದ್ದಾಗ ಬಹಳ ಆಸೆಪಟ್ಟನು. ಆದರೆ ಅವನು ತಕ್ಕಡಿ ಬಿಡಲಿಲ್ಲ. ಅಳೆದು ನೋಡಿದಾಗ, ಬ್ಯಾಟರಿಯಲ್ಲಿ ಕರಗುವ ಸತುವಿಗಿಂತ ಒಲೆಯಲ್ಲಿ ಉರಿಯುವ ಕಲ್ಲಿದ್ದಲೇ ಬಹಳ ಲಾಭವೆಂದು ತಿಳಿಯಿತು. ನಷ್ಟದ ಸುದ್ದಿಯನ್ನು ಮುಚ್ಚಿಡದೆ ಹಾಗೆಯೇ ಅಚ್ಚು ಮಾಡಿಸಿದನು. ಮುಂದೆ 1843ರಲ್ಲಿ ಅಯಸ್ಕಾಂತಗಳ ನಡುವೆ ಸುರುಳಿಯನ್ನು ತೂಕದ ಕಲ್ಲುಗಳ ಇಳಿತದಿಂದ ತಿರುಗಿಸಿ, ಹುಟ್ಟಿದ ಕರೆಂಟಿನಿಂದಾದ ಬಿಸಿಯನ್ನು ಅಳೆದನು. ಇಳಿದ ತೂಕಕ್ಕೆ ತಕ್ಕಷ್ಟೇ ಬಿಸಿ. ಶಕ್ತಿ ಹೊಸದಾಗಿ ಹುಟ್ಟದು, ಇಲ್ಲವಾಗದು ಎಂಬ ನಿಯಮ ಜಗತ್ತಿನಲ್ಲಿ ನೆಲೆಯಾದದ್ದು ಇಂತಹ ಕೆಲಸಗಳಿಂದ. ತಾನೇ ತಿರುಗುವ ಯಂತ್ರಗಳ ಅರ್ಜಿಗಳನ್ನು ನೋಡಿ ನೋಡಿ ಸಾಕಾಗಿ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇನ್ನು ಅವುಗಳನ್ನು ಪರಿಶೀಲಿಸುವುದೇ ಇಲ್ಲವೆಂದು 1775ರಲ್ಲಿಯೇ ತೀರ್ಮಾನಿಸಿತ್ತು. ಲಾಡ್ಜಿನ ಪೆಟ್ಟಿಗೆ ಹೊಸದೇನೂ ಅಲ್ಲ!

ಅಡ್ಡ ಬರುವುದೆಂದರೆ ಯಾವಾಗಲೂ ತೊಂದರೆಯೆಂದು ತಿಳಿಯಬೇಡಿರಿ. ಗಿರಣಿಯ ಮೋಟಾರಿನ ಮೈಮೇಲಿನ ತಗಡನ್ನು ಓದಿರಿ. ಅನೇಕವುಗಳ ಮೇಲೆ ನಿಮಿಷಕ್ಕೆ 1440 ಸುತ್ತು ಎಂದಿರುವುದು. ನಮ್ಮ ಲೈನಿನ ಕರೆಂಟು ಆ ಬಗೆಯ ಮೋಟಾರಿನಲ್ಲಿ ಅಯಸ್ಕಾಂತದ ಕ್ಷೇತ್ರವನ್ನು ನಿಮಿಷಕ್ಕೆ 1500 ಸಲ ತಿರುಗಿಸುವುದು. ಒಳಗಿನ ರೋಟರಿಗೆ ಹೊರಗಿನಿಂದ ಕರೆಂಟಿನ ತಂತಿಯೇ ಇಲ್ಲ. ಕ್ಷೇತ್ರ ತನ್ನನ್ನು ದಾಟಿ ಹೋಗುತ್ತಿರುವ ಬದಲಾವಣೆಯಿಂದ ಅದರಲ್ಲಿ ಕರೆಂಟು ಹುಟ್ಟುವುದು. ಆ ಬದಲಾವಣೆಯನ್ನು ಕಡಮೆ ಮಾಡಲು ಅದಕ್ಕಿರುವ ದಾರಿ ಒಂದೇ, ಕ್ಷೇತ್ರದ ಬೆನ್ನಟ್ಟಿ ಓಡುವುದು. ಆದರೆ ಪೂರ್ತಿ ಹಿಡಿಯಲಾರದು. ಹಿಡಿದರೆ ಬದಲಾವಣೆ ನಿಂತು, ಕರೆಂಟು ನಿಂತು, ಎಳೆತವೂ ನಿಲ್ಲುವುದು. ಆದ್ದರಿಂದ ಯಾವಾಗಲೂ ಕೆಲವು ಸುತ್ತಿನಷ್ಟು ಹಿಂದೆ. ಗಿರಣಿಯ ಮೋಟಾರುಗಳಲ್ಲಿ ಹೆಚ್ಚಿನವು ಓಡುವುದು ಈ ಹಿಡಿಯಲಾಗದ ಬೆನ್ನಟ್ಟಿನಿಂದ.

ಹಿಟ್ಟಿನ ಗಿರಣಿಯವರು ಇದನ್ನು ಗಮನವಿಟ್ಟು ಕೇಳಬೇಕು. ಓಡುತ್ತಿರುವ ಮೋಟಾರು ತನ್ನ ಸುರುಳಿಯಲ್ಲಿ ಲೈನಿಗೆ ಎದುರಾದ ಒತ್ತಡವನ್ನು ತಾನೇ ಹುಟ್ಟಿಸಿ ಬರುವ ಕರೆಂಟನ್ನು ಹದದಲ್ಲಿಡುವುದು. ಚಾಲೂ ಮಾಡಿದ ಕ್ಷಣದಲ್ಲಿ ಆ ಎದುರು ಒತ್ತಡ ಸಾಕಷ್ಟಿಲ್ಲದ್ದರಿಂದ ಐದಾರು ಪಟ್ಟು ಕರೆಂಟು ನುಗ್ಗುವುದು; ದೀಪಗಳು ಒಮ್ಮೆ ಮಂಕಾಗುವುದು ಅದಕ್ಕೆ. ಕಲ್ಲು ಸಿಕ್ಕಿ ಬೀಸುವ ಗಾಲಿ ನಿಂತರೆ, ಗುಂಡಿ ಆರಿಸದೆ ಕೋಲಿನಿಂದ ಕೆದಕುತ್ತ ನಿಲ್ಲಬೇಡಿರಿ. ನಿಂತ ಮೋಟಾರಿಗೆ ಆ ನುಗ್ಗುವ ಕರೆಂಟು ಹಾಗೆಯೇ ಹರಿಯುತ್ತಿರುವುದು, ಕೆಲವೇ ಹೊತ್ತಿನಲ್ಲಿ ವೈಂಡಿಂಗು ಸುಡುವುದು. ಗಾಲಿ ಇದ್ದಕ್ಕಿದ್ದಂತೆ ಬಿಡಿಸಿಕೊಂಡು ಹೊರಟರೆ ಕೈಗೂ ಅಪಾಯ. ವೋಲ್ಟೇಜು ತಗ್ಗಿದಾಗ ತುಂಬು ಕೆಲಸ ಹೇರಿದರೂ ಫಲ ಅದೇ: ಎಳೆತ ಕುಗ್ಗುವುದು, ರೋಟರು ಇನ್ನೂ ಹಿಂದೆ ಬೀಳುವುದು, ಕರೆಂಟು ಏರುವುದು. ರಿವೈಂಡಿಂಗಿನ ಬಿಲ್ಲು ಬಂದ ಮೇಲೆ ಸಪ್ಲೈಯವರನ್ನು ಬಯ್ಯುವುದಕ್ಕಿಂತ ಆ ಹೊತ್ತು ಮೋಟಾರನ್ನು ನಿಲ್ಲಿಸುವುದು ಅಗ್ಗ. ಬಯ್ಯುವುದನ್ನು ಆಮೇಲೆಯೂ ಮಾಡಬಹುದು.

ಗಿರಣಿಯ ಸಂಗಾತಿಗಳಿಗೂ ಒಂದು ಎಚ್ಚರಿಕೆ. ದೊಡ್ಡ ಸುರುಳಿಯಿರುವ ಯಂತ್ರದ ಸ್ವಿಚ್ಚನ್ನು ತೆರೆದಾಗ ಕಿಡಿ ಹಾರುವುದನ್ನು ಕಂಡಿದ್ದೀರಿ. ಹರಿಯುತ್ತಿದ್ದ ಕರೆಂಟು ನಿಲ್ಲುವುದೂ ಒಂದು ಬದಲಾವಣೆ. ಸುರುಳಿ ಅದಕ್ಕೂ ಅಡ್ಡ ಬಂದು, ಕರೆಂಟನ್ನು ಮುಂದುವರಿಸಲೆಂದು ಲೈನಿನ ವೋಲ್ಟೇಜಿಗಿಂತ ಎಷ್ಟೋ ಪಾಲು ಹೆಚ್ಚಿನ ವೋಲ್ಟೇಜನ್ನು ಆ ಸಂದಿನಲ್ಲಿ ಹುಟ್ಟಿಸುವುದು. ಬ್ಯಾಟರಿ ಹನ್ನೆರಡೇ ವೋಲ್ಟಿನದೆಂದು ಧೈರ್ಯಮಾಡಿ ಸುರುಳಿಯ ತಂತಿಗಳನ್ನು ಬರಿಗೈಯಲ್ಲಿ ಎಳೆದು ಬಿಡಿಸಿದವರಿಗೆ ಬಿದ್ದ ಹೊಡೆತ ಹನ್ನೆರಡು ವೋಲ್ಟಿನದಲ್ಲ. ಸ್ವಿಚ್ಚಿನ ಮುಚ್ಚಳ ಒಡೆದಿದ್ದರೆ ಬರೆದು ಕೊಡಿರಿ, ಪ್ರತಿಯನ್ನು ಸಂಘದಲ್ಲಿ ಇಡಿರಿ.

ಹಳೆಯ ಮೀಟರಿನೊಳಗೆ ತಿರುಗುತ್ತಿದ್ದ ಅಲ್ಯುಮಿನಿಯಂ ತಟ್ಟೆಯೂ ಇದೇ ನಿಯಮದ್ದು. ಅದರ ಅಂಚಿನ ಬಳಿ ಒಂದು ಅಯಸ್ಕಾಂತವಿದ್ದು ಓಟಕ್ಕೆ ಕಡಿವಾಣ ಹಾಕುತ್ತಿತ್ತು. ಮೀಟರಿಗೆ ಹೊರಗಿನಿಂದ ಇನ್ನೊಂದು ಅಯಸ್ಕಾಂತ ಅಂಟಿಸಿದವರ ಕಥೆಯನ್ನು ಇಲ್ಲಿ ಎತ್ತುವುದಿಲ್ಲ. ಸಭೆಯಲ್ಲಿ ಒಂದಿಬ್ಬರು ಈಗಾಗಲೇ ನೆಲ ನೋಡುತ್ತಿರುವರು.

"ಹಾಗಾದರೆ ಸೋಲಾರು ಹಲಗೆಯೂ ಮೋಸವೇ?" ಎಂದು ಕಿರಾಣಿ ಅಂಗಡಿಯವರೊಬ್ಬರು ಕೇಳಿದರು. ಅಲ್ಲ. ಅದಕ್ಕೆ ಬಿಸಿಲು ಬೇಕು, ರಾತ್ರಿ ಅದು ಕರೆಂಟು ಕೊಡುವುದಿಲ್ಲ. ಎಲ್ಲಿಂದ ತರುತ್ತೇನೆಂದು ಹೇಳಬಲ್ಲ ಯಂತ್ರವನ್ನು ನಂಬಬಹುದು. ಬೆಲೆ ಹೆಚ್ಚೋ ಕಡಮೆಯೋ ಅದು ಬೇರೆ ಚರ್ಚೆ.

ಕಳೆದ ಗುರುವಾರ ನಾವು ನಾಲ್ಕು ಜನ ಲಾಡ್ಜಿಗೆ ಹೋಗಿದ್ದೆವು. ಒಂದು ಬಲ್ಬು ಕಾಲು ಗಂಟೆ ಉರಿಯಿತು. ಪೆಟ್ಟಿಗೆ ಮರದ ಪೀಠದ ಮೇಲೆ ಕುಳಿತಿತ್ತು. ಪೀಠವನ್ನು ತೆರೆಯಿರಿ ಎಂದರೆ ಅದು ಕಂಪನಿಯ ಗುಟ್ಟು ಎಂದರು. ಪೀಠದಲ್ಲಿ ಬ್ಯಾಟರಿ ಇತ್ತೆಂದು ನಾವು ಹೇಳುವುದಿಲ್ಲ, ನೋಡಲಿಲ್ಲ. ಅವರೆದುರು ನಾವು ಇಟ್ಟದ್ದು ಇಷ್ಟೇ. ಪೆಟ್ಟಿಗೆಯನ್ನು ಪೀಠದಿಂದ ತೆಗೆದು ನಾಲ್ಕು ಕಾಲಿನ ಬರಿಯ ಮೇಜಿನ ಮೇಲೆ ಇಡಬೇಕು. ಮುಚ್ಚಳ ತೆಗೆದಿರಬೇಕು, ಸುತ್ತಲೂ ನಾವು ಕುಳಿತಿರುತ್ತೇವೆ. ಬ್ಯಾಟರಿ ಕಳಚಿದ ಮೇಲೆ ಸಾವಿರ ವ್ಯಾಟಿನ ಒಂದು ಹೀಟರನ್ನು ಸಂಜೆ ಆರರಿಂದ ಬೆಳಗಿನ ಆರರವರೆಗೆ ಅದು ಉರಿಸಬೇಕು. ಉರಿಸಿದರೆ ಸಂಘದ ಹಣದಿಂದಲೇ ಮೊದಲ ಪೆಟ್ಟಿಗೆ ಕೊಳ್ಳುತ್ತೇವೆ ಎಂದೆವು. ಯೋಚಿಸಿ ಹೇಳುತ್ತೇನೆಂದರು. ಇಂದು ಬೆಳಿಗ್ಗೆಯವರೆಗೂ ಹೇಳಿಲ್ಲ.

ಮುಂಗಡ ಕೊಟ್ಟವರು ಈವರೆಗೆ ಹನ್ನೊಂದು ಜನವೆಂದು ನಮಗೆ ತಿಳಿದಿದೆ. ಇನ್ನು ಯಾರೂ ಕೊಡಬೇಡಿರಿ. ಕೊಟ್ಟವರು ಸಂಕೋಚಪಟ್ಟು ಮನೆಯಲ್ಲಿ ಕೂಡದೆ, ರಸೀದಿಯನ್ನೂ, ಫೋನಿನಲ್ಲಿ ಹಣ ಕಳುಹಿಸಿದ್ದರೆ ಅದರ ಗುರುತನ್ನೂ ನಾಳೆ ಸಂಜೆ ಆರು ಗಂಟೆಗೆ ಸಂಘದ ಕಚೇರಿಗೆ ತರಬೇಕು. ಎಲ್ಲರೂ ಒಟ್ಟಾಗಿ ಲಾಡ್ಜಿಗೆ ಹೋಗೋಣ. ಹೀಟರು ನಮ್ಮದೇ ಇದೆ, ಮೇಜನ್ನು ಲಾಡ್ಜಿನವರೇ ಕೊಡಲು ಒಪ್ಪಿರುವರು.